ಬೇಲಿಯಾಚೆಗೆ ಕೊಡದ ಹಣ್ಣು

ನನ್ನ ಕೈಗುಣ ಒಳ್ಳೆಯದು, ಒಣಕಡ್ಡಿ ನೆಟ್ಟರೂ ಚಿಗುರುತ್ತದೆ ಎಂದು ಯಾರಾದರೂ ಹೊಗಳಿದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಅವರು ಅದನ್ನು ವಿನಯ ಎಂದುಕೊಳ್ಳುತ್ತಾರೆ. ವಿನಯ ನನ್ನ ಹತ್ತಿರ ಯಾವ ಕಾಲಕ್ಕೂ ಸುಳಿದದ್ದಲ್ಲ. ಹೊಗಳಿಕೆ ಕೇಳಿದ ಕೂಡಲೇ ಪವರ್ ಹೌಸಿನವರ ವಸತಿಯಾದ ಬ್ಲಫ್‌ನಲ್ಲಿದ್ದ ನಮ್ಮ ಮನೆಯ ಹಿತ್ತಲು ನೆನಪಾಗುತ್ತದೆ. ಅಲ್ಲಿಟ್ಟಿದ್ದ ಅರ್ಧ ಡ್ರಮ್ಮು, ಅದರಲ್ಲಿದ್ದ ಮುಳ್ಳಿನ ಗಿಡ, ಬೇಲಿಯ ಆಚೆಯಿಂದ ಚಾಚಿ ಹಾಗೆಯೇ ಹಿಂದಕ್ಕೆ ಹೋದ ಒಂದು ಕೈ ನೆನಪಾಗುತ್ತವೆ.

ಆಗ ಯುದ್ಧದ ಕಾಲ. ನಮ್ಮ ಮನೆಯವರು ಪವರ್ ಹೌಸಿನ ಆಫೀಸಿನಲ್ಲಿ ಗುಮಾಸ್ತರು. ನಾನು ಮಳವಳ್ಳಿಯವಳು, ಮದುವೆಯಾಗಿ ಮೂರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಆತಗೂರಿನ ಕಡೆಯ ರೈತರ ಮನೆಯಿಂದ ಬಂದ ಅತ್ತೆ ನಮ್ಮ ಜೊತೆಗೇ ಇದ್ದರು. ನಮಗೆ ಕೊಟ್ಟಿದ್ದದ್ದು ಸಾಲುಮನೆ. ಒಂದು ಮನೆಯ ಹಿತ್ತಲಿಗೂ ಇನ್ನೊಂದರ ಹಿತ್ತಲಿಗೂ ನಡುವೆ ಎದೆಮಟ್ಟದ ತಂತಿಬೇಲಿ. ನಮ್ಮ ಬೇಲಿಯಾಚೆ ಇದ್ದವರು ಒಬ್ಬ ಫಿಟ್ಟರ್ ಮತ್ತು ಆತನ ಹೆಂಡತಿ. ಅವಳು ಮದ್ದೂರಿನ ಮುಸ್ಲಿಮರ ಮನೆಯ ಹುಡುಗಿ, ನನಗಿಂತ ಎರಡು ಮೂರು ವರ್ಷ ಚಿಕ್ಕವಳು. ತಾಯಿ ಇಲ್ಲದವಳು. ಮೊದಲ ಬಸಿರು ಐದನೆಯ ತಿಂಗಳಿಗೇ ಇಳಿದುಹೋಗಿತ್ತು. ಅತ್ತೆ ಅವಳನ್ನು ಬೂಬಮ್ಮ ಎಂದು ಕರೆಯುತ್ತಿದ್ದರು, ಅವರನ್ನು ನೋಡಿ ನಾನೂ ಹಾಗೇ ಕರೆಯುತ್ತಿದ್ದೆ. ಅವಳಿಗೆ ನಾನು ಅಕ್ಕ.

ಗಿಡ ಬಂದದ್ದು ದೊಡ್ಡ ಬಂಗಲೆಯಿಂದ. ಅಲ್ಲಿ ಇಂಜಿನಿಯರ್ ದೊರೆ ಮತ್ತು ಅವರ ಹೆಂಡತಿ ಇದ್ದರು. ದೊರೆಸಾನಿಗೆ ತೋಟದ ಹುಚ್ಚು. ಬಿಳಿಗಿರಿ ಬೆಟ್ಟದ ಕಾಫಿ ತೋಟವೊಂದರಿಂದ ತರಿಸಿದ ಒಂದು ಮುಳ್ಳುಗಿಡವನ್ನು ಬಂಗಲೆಯ ಗೋಡೆಗೆ ಹಬ್ಬಿಸಿದ್ದಳು. ಅವಳು ಅದನ್ನು ಬ್ಲಾಕ್‌ಬೆರಿ ಎನ್ನುತ್ತಿದ್ದಳು. ಸಾಲುಮನೆಯವರ ಬಾಯಲ್ಲಿ ಅದು ದೊರೆಸಾನಿ ಹಣ್ಣು ಆಯಿತು. ಒಮ್ಮೆ ಹೆಂಗಸರಿಗೆಲ್ಲ ಬಂಗಲೆಯಲ್ಲಿ ಚಹಾ ಕೊಟ್ಟಾಗ ನಾನು ಧೈರ್ಯ ಮಾಡಿ ಒಂದು ಸಸಿ ಕೇಳಿದೆ. ದೊರೆಸಾನಿ ಪಕ್ಕದವಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕಳು. ಆಮೇಲೆ ಸಸಿ ಅಗೆದುಕೊಡುವಾಗ ಬಂಗಲೆಯ ಮಾಲಿಯನ್ನು ಕೇಳಿದೆ, ಅವಳು ಅಂದದ್ದೇನು ಎಂದು. ಅವನು ತಲೆ ಕೆರೆದುಕೊಂಡ.

"ಇವರ ಡಬ್ಬದಾಗೆ ಇದು ಅಣ್ಣು ಬುಟ್ಟಂಗೇಯ, ಅಂದ್ರು ಕಣಮ್ಮ. ನೀವು ಬೇಜಾರ್ ಮಾಡ್ಕಬೇಡಿ."

ಬೇಜಾರು ಯಾಕೆ ಮಾಡಿಕೊಳ್ಳಲಿ? ನನಗೆ ಉರಿ ಹತ್ತಿತು. ಆ ಉರಿಯಲ್ಲೇ ಮನೆಗೆ ನಡೆದು ಬಂದೆ. ಬರುವ ದಾರಿಯಲ್ಲೇ ತೀರ್ಮಾನವಾಯಿತು, ಈ ಹೆಂಗಸಿನ ಕಣ್ಣಮುಂದೆ ಒಂದು ತಟ್ಟೆ ಹಣ್ಣು ಇಡದಿದ್ದರೆ ನಾನು ಮಳವಳ್ಳಿಯವಳಲ್ಲ ಎಂದು. ಎಂಥಾ ದೊಡ್ಡ ಶಪಥ, ನೋಡಿ.

ನೆಡಲು ಡಬ್ಬವೇ ಇರಲಿಲ್ಲ. ಯುದ್ಧ ಬಂದ ಮೇಲೆ ಒಳ್ಳೆಯ ತಗಡಿನ ಡಬ್ಬ ಯಾರ ಮನೆಯಲ್ಲೂ ಖಾಲಿ ಇರುತ್ತಿರಲಿಲ್ಲ. ಬೇಲಿಯಾಚೆಯಿಂದ ಬೂಬಮ್ಮ ನನ್ನ ಪರದಾಟ ನೋಡಿ ಗಂಡನಿಗೆ ಹೇಳಿದಳು. ಆತ ಗುಜರಿಯಲ್ಲಿ ಬಿದ್ದಿದ್ದ ಒಂದು ಎಣ್ಣೆ ಡ್ರಮ್ಮನ್ನು ಕೇಳಿ ತಂದು, ನಡುವೆ ಕೊಯ್ದು, ಅಂಚು ಕೈಗೆ ತಾಕದ ಹಾಗೆ ಒಳಕ್ಕೆ ಬಡಿದು, ತಳಕ್ಕೆ ಏಳು ತೂತು ಕೊರೆದು ತಂದಿಟ್ಟ. ನೀರು ನಿಂತರೆ ಬೇರು ಕೊಳೆಯುತ್ತದೆ ಎಂದು ನನಗೆ ಹೊಳೆಯುವ ಮೊದಲೇ ಆತನಿಗೆ ಹೊಳೆದಿತ್ತು. ಬೂಬಮ್ಮ ಎರಡು ಆಡು ಸಾಕಿದ್ದಳು. ಅವುಗಳ ಹಿಕ್ಕೆಯನ್ನು ಬುಟ್ಟಿಯಲ್ಲಿ ತುಂಬಿ ಬೇಲಿಯ ಮೇಲಿಂದ ಕೊಟ್ಟಳು. ಗಿಡ ಬಂಗಲೆಯದು, ಡ್ರಮ್ಮು ಅವರದು, ಗೊಬ್ಬರ ಅವರದು. ನನ್ನದೇನಿತ್ತು ಎಂದರೆ ನೀರು, ಅದೂ ನಲ್ಲಿಯದು. ಆದರೂ ಆ ಗಿಡವನ್ನು ನಾನು ಒಂದು ದಿನವೂ ನಮ್ಮ ಗಿಡ ಎಂದವಳಲ್ಲ. ನನ್ನ ಗಿಡ ಎಂದೇ ಹೇಳಿಕೊಂಡು ತಿರುಗಿದೆ.

ಮೊದಲ ವರ್ಷ ಅದು ಬರೀ ಕಡ್ಡಿ ಚಾಚಿತು. ಆಳುದ್ದ, ಒಂದೂವರೆ ಆಳುದ್ದ. ನೇರಳೆ ಬಣ್ಣದ ಕಡ್ಡಿಗೆ ವಿಭೂತಿ ಬಳಿದ ಹಾಗೆ ಬಿಳೀ ಪುಡಿ, ಬೆರಳಿನಿಂದ ಒರೆಸಿದರೆ ಹೋಗುತ್ತಿತ್ತು. ಮುಳ್ಳು ಕೊಕ್ಕೆಯಂಥವು. ಬಟ್ಟೆ ಒಣಗಹಾಕಲು ಹೋದಾಗಲೆಲ್ಲ ಅತ್ತೆಯ ಸೀರೆ ಹಿಡಿದು ಎಳೆಯುತ್ತಿತ್ತು.

"ಯಾರಾದ್ರೂ ಮುಳ್ಳ ಸಾಕ್ತಾರಾ?" ಎಂದು ಅತ್ತೆ ಬೈಯುತ್ತಿದ್ದರು. "ಅಣ್ಣಿಲ್ಲ, ಉವ್ವಿಲ್ಲ. ಕತ್ತರ್ಸಿ ಬೇಲಿಗಾಕು, ಆಡಾದ್ರೂ ಇತ್ತಗ್ ಬರಾಕಿಲ್ಲ."

ಒಂದು ದಿನ ಕುಡುಗೋಲು ಹಿಡಿದೇ ಬಂದರು. ನಾನು ಡ್ರಮ್ಮಿಗೆ ಅಡ್ಡ ನಿಂತೆ. ಮಾಲಿ ನನಗೆ ಮೊದಲೇ ಹೇಳಿಕೊಟ್ಟಿದ್ದ. ಈ ವರ್ಷ ಬಂದ ಕಡ್ಡಿ ಹಣ್ಣು ಬಿಡುವುದು ಮುಂದಿನ ವರ್ಷ, ಬಿಟ್ಟ ಮೇಲೆ ಆ ಕಡ್ಡಿ ತಾನಾಗಿ ಸಾಯುತ್ತದೆ, ಆಗ ಬುಡಕ್ಕೆ ಕತ್ತರಿಸಬೇಕು, ಈಗ ಕತ್ತರಿಸಿದರೆ ಎಂದೆಂದಿಗೂ ಹಣ್ಣು ಕಾಣುವುದಿಲ್ಲ ಎಂದು. ಅತ್ತೆ ನಂಬಲಿಲ್ಲ. ಸೊಸೆಯ ಹಟ ನೋಡಿ ಕುಡುಗೋಲು ಬಿಸಾಕಿ ಒಳಗೆ ಹೋದರು. ಅವತ್ತು ಬೂಬಮ್ಮ ಬೇಲಿಯಾಚೆ ನಿಂತು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. ಸಂಜೆಗೆ ಅವಳ ಗಂಡ ಎರಡು ಕಬ್ಬಿಣದ ಕಂಬಿ ನೆಟ್ಟು ಅಡ್ಡ ತಂತಿ ಎಳೆದು, ಕಡ್ಡಿಗಳನ್ನು ಸೀರೆಗೆ ತಾಕದ ಹಾಗೆ ಕಟ್ಟಿಕೊಟ್ಟ. ಒಂದು ಉದ್ದದ ಕಡ್ಡಿ ಮಾತ್ರ ಕಟ್ಟಿಗೆ ಸಿಗದೆ ಬೇಲಿ ದಾಟಿ ಅವರ ಹಿತ್ತಲಿಗೆ ಬಾಗಿತು. ಇರಲಿ ಬಿಡಿ ಅಕ್ಕಾ ಎಂದಳು ಬೂಬಮ್ಮ.

ಮರುವರ್ಷ ಶಿವರಾತ್ರಿ ಕಳೆಯುವ ಹೊತ್ತಿಗೆ ಗಿಡದ ತುಂಬ ಸಣ್ಣ ಗುಲಾಬಿ ಬಣ್ಣದ ಹೂ. ಆಮೇಲೆ ಹಸಿರು ಕಾಯಿ, ಆಮೇಲೆ ಕೆಂಪು. ಮೊದಲ ಫಸಲು, ಹೂವಿನಲ್ಲಿ ಬಹಳಷ್ಟು ಉದುರಿಹೋದವು, ನಿಂತದ್ದು ಇಪ್ಪತ್ತಾರು. ಇಪ್ಪತ್ತಾರು ಎಂದು ಇಷ್ಟು ಖಂಡಿತವಾಗಿ ಹೇಗೆ ಗೊತ್ತು ಎಂದರೆ, ಬೆಳಿಗ್ಗೆ ಎದ್ದು ದೇವರಿಗೆ ಕೈ ಮುಗಿಯುವ ಮೊದಲು ನಾನು ಅವನ್ನು ಎಣಿಸುತ್ತಿದ್ದೆ. ಅದಕ್ಕೆ ಕಾರಣವಿತ್ತು. ಯುಗಾದಿ ಕಳೆದ ಮೇಲೆ ಕ್ಲಬ್ಬಿನಲ್ಲಿ ಹೂವು, ಹಣ್ಣು, ತರಕಾರಿಗಳ ಪ್ರದರ್ಶನ ಎಂದು ದೊರೆಸಾನಿ ಹೇಳಿ ಕಳಿಸಿದ್ದಳು. ಯಾರು ಬೇಕಾದರೂ ತಾವು ಬೆಳೆದದ್ದನ್ನು ಇಡಬಹುದು. ಸಣ್ಣ ಹಣ್ಣಾದರೆ ತಟ್ಟೆಗೆ ಇಪ್ಪತ್ತಕ್ಕೆ ಕಡಿಮೆ ಇರಬಾರದು.

ಪ್ರದರ್ಶನಕ್ಕೆ ಇನ್ನೂ ಹತ್ತು ದಿನ ಇರುವಾಗ ಒಂದು ಬೆಳಿಗ್ಗೆ ಎಣಿಸಿದರೆ ಇಪ್ಪತ್ತಮೂರು. ಮೊದಲು ಕಪ್ಪಾಗಿದ್ದ ಮೂರು ಕಾಣಿಸಲಿಲ್ಲ. ಪಿಕಳಾರ ಹಕ್ಕಿ ತಿಂದಿರಬೇಕೆಂದು ಅದರ ವಂಶವನ್ನೆಲ್ಲ ಶಪಿಸಿ, ಹಳೆಯ ಪಂಚೆಯೊಂದನ್ನು ಹರಿದು ಗೊಂಚಲುಗಳ ಮೇಲೆ ಹೊದಿಸಿದೆ. ಹೊದಿಸುತ್ತಿರುವಾಗ ಬೂಬಮ್ಮ ಬೇಲಿಯ ಹತ್ತಿರ ಬಂದಳು. ಅವಳಿಗೆ ಆಗ ಮತ್ತೆ ಐದು ತಿಂಗಳು. ಮೊದಲಿನದು ಹೋದದ್ದೂ ಐದರಲ್ಲೇ ಆದ್ದರಿಂದ ಆ ತಿಂಗಳಿಡೀ ಹೆಜ್ಜೆ ನೋಡಿ ನೋಡಿ ಇಡುತ್ತಿದ್ದಳು.

"ಅಕ್ಕಾ, ಒಂದ್ ಮಾತು ಕೇಳ್ಲಾ? ಬೈಬಾರ್ದು."

"ಕೇಳಮ್ಮ."

"ಆ ಅಣ್ಣು ಎಲ್ಡೇ ಎಲ್ಡು ಕೊಡ್ತೀರಾ? ನೆನ್ನೆಯಿಂದ ಬಾಯಲ್ಲಿ ಅದೇ ಆಗದೆ ಅಕ್ಕಾ. ಅನ್ನ ಸೇರಾಕಿಲ್ಲ. ಇಂಗೆ ನಾಚ್ಕೆ ಬುಟ್ ಕೇಳ್ತೀನಿ ಅಂತ ಅನ್ಕಬೇಡಿ."

ಹೀಗೆ ಹೇಳುತ್ತಾ ಕೈ ಚಾಚಿದಳು. ಬೇಲಿಯ ತಂತಿಯ ಮೇಲಿಂದ, ಅಂಗೈ ಮೇಲೆ ಮಾಡಿ.

ಬಸುರಿ ಬಯಸಿ ಕೇಳಿದ್ದನ್ನು ಇಲ್ಲವೆನ್ನಬಾರದು. ಇದು ನನಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾದ ವಿಷಯವಲ್ಲ. ನಮ್ಮ ಊರಿನಲ್ಲಿ ಜಗಳವಾಡಿ ಮಾತು ಬಿಟ್ಟ ಮನೆಯವರೂ ಬಸುರಿ ಕೇಳಿದಳೆಂದರೆ ಉಪ್ಪಿನಕಾಯಿ ಜಾಡಿಯನ್ನೇ ಕಳಿಸುತ್ತಿದ್ದರು. ಬಯಕೆ ತೀರದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಎನ್ನುತ್ತಾರೆ. ಅದೆಲ್ಲ ಇರಲಿ, ಲೆಕ್ಕವನ್ನೇ ನೋಡಿದರೂ ಇಪ್ಪತ್ತಮೂರರಲ್ಲಿ ಎರಡು ಹೋದರೆ ಇಪ್ಪತ್ತೊಂದು. ನನ್ನ ತಟ್ಟೆ ತುಂಬುತ್ತಿತ್ತು. ಆದರೆ ಇನ್ನೊಂದೆರಡು ಹಕ್ಕಿ ತಿಂದರೆ? ಇನ್ನೊಂದು ಹುಳ ಬಿದ್ದರೆ? ಇಲ್ಲ ಎನ್ನಲು ಬಾಯಿ ಬರಲಿಲ್ಲ, ಕೊಡಲು ಕೈ ಬರಲಿಲ್ಲ. ಆಗ ನನ್ನ ನಾಲಿಗೆಯ ಮೇಲೆ ಒಂದು ಮಾತು ಎಷ್ಟು ಸಲೀಸಾಗಿ ಬಂತು ಎಂದರೆ, ಅದನ್ನು ನಾನು ಹಿಂದಿನ ದಿನವೇ ಕಲಿತು ಇಟ್ಟುಕೊಂಡಿದ್ದೆ ಎಂದು ತೋರಬೇಕು.

"ಅಯ್ಯೋ, ಬ್ಯಾಡ ಕಣಮ್ಮ!" ಎಂದೆ. "ಇದು ಬಲು ಉಷ್ಣ. ಪರಂಗಿ ಅಣ್ಣಿಗಿಂತ ಕೆಟ್ಟದ್ದು. ಬಸ್ರೀರು ಮುಟ್ಟಂಗಿಲ್ಲ ಅಂತ ದೊರೆಸಾನೀನೇ ಏಳವ್ರೆ."

ಚಾಚಿದ ಕೈ ನಿಂತಲ್ಲೇ ನಿಂತಿತು. ಅವಳ ಮುಖದ ಬಣ್ಣ ಹೋಯಿತು.

"ತಿಂದ್ರೆ ಏನಾಯ್ತದೆ ಅಕ್ಕಾ?"

ಆಗಲಾದರೂ ನಾನು ಬಾಯಿ ಮುಚ್ಚಬಹುದಿತ್ತು. ಸ್ವಲ್ಪ ಮೈ ಬಿಸಿಯಾಗುತ್ತದೆ ಎಂದು ಹೇಳಿ ಮುಗಿಸಬಹುದಿತ್ತು. ಹೇಳಿದ ಸುಳ್ಳು ಗಟ್ಟಿಯಾಗಲಿ ಎಂದು ಇನ್ನೊಂದು ಮೊಳೆ ಹೊಡೆದೆ.

"ಏನಾಯ್ತದೆ, ಇಳ್ದೋಯ್ತದೆ."

ಒಂದು ಸಲ ಇಳಿದುಹೋದವಳಿಗೆ ಹೇಳಿದ ಮಾತು ಇದು. ಬೂಬಮ್ಮ ಕೈಯನ್ನು ಹಿಂದಕ್ಕೆ ತೆಗೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಹಾಗೆಯೇ ಒಳಗೆ ಹೋದಳು. ಬಯಕೆ ತಪ್ಪಿದ ಬೇಸರ ಎಂದು ನಾನು ತಿಳಿದೆ. ನಾಳೆ ಸರಿಹೋಗುತ್ತಾಳೆ ಎಂದುಕೊಂಡು ಪಂಚೆಯ ತುದಿಗಳನ್ನು ಕಂಬಿಗೆ ಬಿಗಿದೆ.

ಈಗ ಆ ಹಣ್ಣು ಏನಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ಹಕ್ಕಿಯ ಭಯಕ್ಕೆ ನಾನು ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ಕೆಂಪಗಿದ್ದ ಹದಿನಾಲ್ಕು ಹಣ್ಣನ್ನು ಬಿಡಿಸಿ, ನಮ್ಮ ತವರಿನಲ್ಲಿ ಮಾವಿನಕಾಯಿಯನ್ನು ಅಡೆ ಹಾಕುವ ಹಾಗೆ ಮಣ್ಣಿನ ಗಡಿಗೆಯಲ್ಲಿ ಹುಲ್ಲು ಹಾಸಿ, ಹಣ್ಣಿಟ್ಟು, ಮೇಲೆ ಹುಲ್ಲು ಮುಚ್ಚಿ, ಬಾಯಿಗೆ ಬಟ್ಟೆ ಕಟ್ಟಿ ಒಲೆಯ ಪಕ್ಕದಲ್ಲಿ ಇಟ್ಟೆ. ಬಾಳೆಗೊನೆ ಹಣ್ಣಾಗುತ್ತದೆ, ಮಾವು ಹಣ್ಣಾಗುತ್ತದೆ, ಸಪೋಟ ಹಣ್ಣಾಗುತ್ತದೆ, ಇದಕ್ಕೇನು ರೋಗ ಎಂದುಕೊಂಡೆ. ಮಾಲಿಯನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ದೊರೆಸಾನಿಗೆ ಸುದ್ದಿ ಮುಟ್ಟುತ್ತದೆ ಎಂಬ ಬಿಂಕ.

ಪ್ರದರ್ಶನದ ಬೆಳಿಗ್ಗೆ ಸ್ನಾನ ಮಾಡಿ, ಮದುವೆಯ ಹಿತ್ತಾಳೆ ತಟ್ಟೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಗಡಿಗೆಯ ಬಟ್ಟೆ ಬಿಚ್ಚಿದೆ. ಹುಳಿ ವಾಸನೆ ಬಂತು. ಹದಿನಾಲ್ಕರಲ್ಲಿ ಒಂದೂ ಕಪ್ಪಾಗಿರಲಿಲ್ಲ. ಕೆಲವು ಕೆಂಪಗೇ ಮುರುಟಿಹೋಗಿದ್ದವು, ಉಳಿದವಕ್ಕೆ ಹತ್ತಿಯಂಥ ಬೂಷ್ಟು ಹಿಡಿದಿತ್ತು. ಆ ಹಣ್ಣು ಗಿಡದ ಮೇಲೆ ಮಾತ್ರ ಮಾಗುತ್ತದೆ. ಕಿತ್ತ ಮೇಲೆ ಏನು ಮಾಡಿದರೂ ಮಾಗುವುದಿಲ್ಲ. ಗಿಡದಲ್ಲಿ ಬಿಟ್ಟಿದ್ದ ಒಂಬತ್ತು ಮಾತ್ರ ಕಪ್ಪಗೆ, ತುಂಬಿಕೊಂಡು, ಮುಟ್ಟಿದರೆ ಕೈಗೆ ಬರುವಂತೆ ನಿಂತಿದ್ದವು.

ಒಂಬತ್ತನ್ನೇ ತಟ್ಟೆಯಲ್ಲಿಟ್ಟುಕೊಂಡು ಹೋದೆ. ಅದಕ್ಕೆ ಎಂಥಾ ಮುಖ ಬೇಕು! ದೊರೆಸಾನಿ ತಟ್ಟೆಯ ಮೇಲೆ ಬಗ್ಗಿ ಬೆರಳಿನಿಂದ ಎಣಿಸಿದಳು. ಈ ಸಲ ನಗಲಿಲ್ಲ. ಚೆನ್ನಾಗಿ ಬಂದಿವೆ, ಆದರೆ ನಿಯಮ ನಿಯಮವೇ ಎಂದು ಮಾಲಿಯಿಂದ ಹೇಳಿಸಿ ತಟ್ಟೆಯನ್ನು ಎರಡೂ ಕೈಯಿಂದ ನನಗೆ ವಾಪಸು ಕೊಟ್ಟಳು. ನಕ್ಕಿದ್ದರೆ ಮೇಲಾಗುತ್ತಿತ್ತು, ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬಹುದಿತ್ತು.

ಮನೆಗೆ ಬಂದಾಗ ಬೂಬಮ್ಮ ಬೇಲಿಯ ಹತ್ತಿರ ಆಡಿಗೆ ಸೊಪ್ಪು ಹಾಕುತ್ತಿದ್ದಳು. ಏನಾಯ್ತಕ್ಕಾ ಎಂದು ಕೇಳುತ್ತಾ ತಿರುಗಿದವಳು ನನ್ನ ಕೈಯಲ್ಲಿದ್ದ ತಟ್ಟೆ ನೋಡಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಇನ್ನು ಆ ಒಂಬತ್ತು ಹಣ್ಣು ಯಾರಿಗೂ ಬೇಡವಾದವು. ಯಾವ ಪ್ರದರ್ಶನಕ್ಕೂ ಅಲ್ಲ, ಯಾವ ದೊರೆಸಾನಿಗೂ ಅಲ್ಲ. ಅಷ್ಟನ್ನೂ ಅವಳ ಮಡಿಲಿಗೆ ಸುರಿಯಬಹುದಿತ್ತು. ಆದರೆ ವಿಷ ಎಂದು ಹೇಳಿದ ಹಣ್ಣನ್ನು ಯಾವ ಬಾಯಲ್ಲಿ ತಿನ್ನಮ್ಮ ಎನ್ನಲಿ? ನಾಲ್ಕು ಮಾತು ಆಡಿ ಒಳಗೆ ಬಂದೆ. ಅತ್ತೆಗೆ ಕೊಟ್ಟೆ, ಮನೆಯವರಿಗೆ ಕೊಟ್ಟೆ. ಅತ್ತೆ ಎರಡು ಬಾಯಿಗೆ ಹಾಕಿಕೊಂಡು ಬೇಲಿಯ ಕಡೆ ನೋಡಿದರು.

"ಆ ಬೂಬಮ್ಮಂಗೂ ಎಲ್ಡು ಕೊಡೇ. ಬಸ್ರಿ ಎಂಗ್ಸು, ದಿನಾ ಇತ್ತಗೇ ನೋಡ್ತಾ ನಿಂತಿರ್ತಿದ್ಲು."

ಅತ್ತೆಯ ನಾಲಿಗೆ ಒರಟು, ಆದರೆ ಇಂಥದ್ದರಲ್ಲಿ ನನಗಿಂತ ದೊಡ್ಡವರು. ಅವರಿಗೂ ಅದೇ ಸುಳ್ಳನ್ನು ಹೇಳಬೇಕಾಯಿತು. ಉಷ್ಣವಂತೆ, ಬಸುರಿಯರು ತಿನ್ನಬಾರದಂತೆ, ದೊರೆಸಾನಿ ಹೇಳಿದಳಂತೆ. ಅತ್ತೆ ತಲೆಯಾಡಿಸಿ ನಂಬಿದರು. ದೊರೆಸಾನಿಯ ಹೆಸರಿಗೆ ಅಷ್ಟು ಬೆಲೆ ಇತ್ತು, ಅದನ್ನು ಮೊದಲು ಬಳಸಿಕೊಂಡವಳು ನಾನು.

ಅವತ್ತಿನಿಂದ ಬೂಬಮ್ಮ ಬದಲಾದಳು. ಬೇಲಿಯ ಹತ್ತಿರ ನಿಲ್ಲುವುದು ಕಡಿಮೆಯಾಯಿತು. ಹೊಟ್ಟೆ ಬೆಳೆಯುತ್ತಿತ್ತು, ಮುಖ ಮಾತ್ರ ಇಳಿಯುತ್ತಿತ್ತು. ತೋಳಿಗೆ ದರ್ಗಾದಿಂದ ತಂದ ದಾರ ಕಟ್ಟಿಕೊಂಡಳು, ಅದು ಸಾಲದೆಂದು ಕೊರಳಿಗೊಂದು. ಬೆಳಕವಾಡಿಯ ಸೂಲಗಿತ್ತಿಯನ್ನು ವಾರಕ್ಕೊಮ್ಮೆ ಕರೆಸಿ ಹೊಟ್ಟೆ ಮುಟ್ಟಿ ನೋಡಲು ಹೇಳುತ್ತಿದ್ದಳು. ಎರಡು ಹಣ್ಣಿಗೆ ಇಷ್ಟು ಮುನಿಸೇ ಎಂದು ನಾನು ಒಳಗೊಳಗೇ ಗೊಣಗಿದೆ. ಅಪರಾಧ ಮಾಡಿದವರಿಗೆ ಮೊದಲು ಬರುವುದು ಸಿಟ್ಟು ಎಂಬುದನ್ನು ನನ್ನನ್ನು ನೋಡಿಯೇ ಕಲಿಯಬೇಕು.

ಮಳೆ ಬಿದ್ದ ಮೇಲೆ ಒಂದು ದಿನ ನೋಡಿದರೆ, ಬೇಲಿ ದಾಟಿ ಅವರ ಹಿತ್ತಲಿಗೆ ಬಾಗಿದ್ದ ಕಡ್ಡಿಯನ್ನು ಯಾರೋ ಕತ್ತರಿಸಿದ್ದರು. ಆ ಗಿಡದ ಗುಣವೆಂದರೆ ಕಡ್ಡಿಯ ತುದಿ ನೆಲ ಮುಟ್ಟಿದರೆ ಅಲ್ಲೇ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಅವರ ನೆಲದಲ್ಲಿ ಹಾಗೆ ಒಂದು ಮರಿಗಿಡ ಎದ್ದಿತ್ತು, ಅದನ್ನು ನಾನೂ ನೋಡಿದ್ದೆ. ಅದನ್ನು ಬೇರುಸಹಿತ ಕಿತ್ತು ಸುಟ್ಟಿದ್ದರು, ಬೂದಿ ಅಲ್ಲೇ ಇತ್ತು. ನನಗೆ ಕೆಂಡದಂಥ ಕೋಪ ಬಂತು. ಅವರಿಗೆ ಕೇಳಿಸುವ ಹಾಗೆ ಅತ್ತೆಗೆ ಹೇಳಿದೆ, ಹೊಟ್ಟೆಕಿಚ್ಚಿನವರ ಪಕ್ಕದಲ್ಲಿ ಗಿಡ ಬೆಳೆಸಬಾರದು ಎಂದು.

ಅವಳಿಗೆ ನೋವು ಶುರುವಾದದ್ದು ಒಂದು ಬೆಳಿಗ್ಗೆ, ಗಂಡಸರೆಲ್ಲ ಕೆಲಸಕ್ಕೆ ಇಳಿದ ಮೇಲೆ. ತಾಯಿ ಇಲ್ಲದವಳಾದ್ದರಿಂದ ಮದ್ದೂರಿಗೆ ಹೋಗಿರಲಿಲ್ಲ. ಅತ್ತೆ ಮುನಿಸು ಗಿನಿಸು ನೋಡಲಿಲ್ಲ, ನೀರು ಕಾಯಿಸು ಎಂದು ನನಗೆ ಹೇಳಿ ತಾವೇ ಓಡಿದರು. ಸೂಲಗಿತ್ತಿ ಬಂದಳು. ಮಧ್ಯಾಹ್ನದ ಹೊತ್ತಿಗೆ ನಾನು ಬಿಸಿನೀರು ಹಿಡಿದು ಒಳಗೆ ಹೋದಾಗ ಬೂಬಮ್ಮ ನನ್ನ ಮಣಿಕಟ್ಟು ಹಿಡಿದಳು. ಬಳೆ ಒತ್ತಿ ಗಾಯವಾಗುವಷ್ಟು ಬಿಗಿಯಾಗಿ.

"ಅಕ್ಕಾ, ನಾನು ಕದ್ ತಿಂದ್‌ಬುಟ್ಟಿದ್ದೆ."

"ಏನನ್ನ?"

"ನಿಮ್ ಗಿಡದ್ ಅಣ್ಣ. ನೀವ್ ಬ್ಯಾಡ ಅನ್ನೋಕೆ ಮುಂಚೇನೇ. ಅದ್ರ ಮುಂಚಿನ್ ದಿವ್ಸ ಸಂಜೇಲಿ ಕೈ ಆಕಿ ಮೂರ್ ಕಿತ್ ತಿಂದೆ. ಅದ್ಕೇ ನಂಗೆ ಇನ್ನೂ ಎಲ್ಡು ಬೇಕು ಅನ್ಸಿದ್ದು. ನೀವು ಇಳ್ದೋಯ್ತದೆ ಅಂದ್ರಿ. ಅವತ್ನಿಂದ ನಾನು ಕಾಯ್ತಾನೇ ಇವ್ನಿ ಅಕ್ಕಾ, ಇವತ್ತು ಓಯ್ತದೆ, ನಾಳೆ ಓಯ್ತದೆ ಅಂತ. ಅದು ಏನಾರ ಆದ್ರೆ ನನ್ ಬಾಯಿ ಚಪಲಕ್ಕೇ ಆಗದು. ನನ್ನ ಮಾಪ್ ಮಾಡ್ಬುಡಿ."

ಇಪ್ಪತ್ತಾರು ಹೋಗಿ ಇಪ್ಪತ್ತಮೂರಾದದ್ದು ಹಕ್ಕಿಯಿಂದಲ್ಲ. ನಾನು ಪಂಚೆ ಹೊದಿಸುತ್ತಿದ್ದಾಗ ಅವಳ ಮುಖದ ಬಣ್ಣ ಹೋದದ್ದು ಯಾಕೆ, ದಾರಗಳು ಯಾಕೆ, ಸುಟ್ಟ ಮರಿಗಿಡ ಯಾಕೆ, ಎಲ್ಲವೂ ಬಿಸಿನೀರಿನ ಪಾತ್ರೆ ಹಿಡಿದು ನಿಂತಿದ್ದ ನನಗೆ ಒಟ್ಟಿಗೇ ತಿಳಿಯಿತು. ನಾನು ಅವಳಿಗೆ ಎರಡು ಹಣ್ಣು ಕೊಡದೆ ಇದ್ದೆ, ಅಷ್ಟೇ ಎಂದುಕೊಂಡಿದ್ದೆ. ಕೊಟ್ಟದ್ದೂ ಇತ್ತು. ನಾಲ್ಕು ತಿಂಗಳ ಭಯ ಕೊಟ್ಟಿದ್ದೆ. ಮತ್ತು ಕ್ಷಮೆ ಕೇಳುತ್ತಿದ್ದವಳು ಅವಳು.

ಅದು ಸುಳ್ಳು ಕಣೇ, ಆ ಹಣ್ಣಿನಲ್ಲಿ ಏನೂ ಇಲ್ಲ, ನನ್ನ ದುರಾಸೆಗೆ ಹೇಳಿದೆ ಎಂದು ನಾನು ಅವಳ ಕಿವಿಯಲ್ಲಿ ಹೇಳಬೇಕಿತ್ತು. ಅತ್ತೆ ತಲೆಯ ಹತ್ತಿರ ಕುಳಿತಿದ್ದರು. ಸೂಲಗಿತ್ತಿ ಕಾಲ ಹತ್ತಿರ ಇದ್ದಳು, ಅವಳ ಕಿವಿಗೆ ಬಿದ್ದದ್ದು ಸಂಜೆಗೆ ಬೆಳಕವಾಡಿಯ ತುಂಬ ಹರಡುತ್ತಿತ್ತು. ನಾನು ಹೇಳಿದ್ದು ಇಷ್ಟು:

"ಮೂರ್ ತಿಂದ್ರೆ ಏನೂ ಆಗಕಿಲ್ಲ ಬುಡು. ಜಾಸ್ತಿ ತಿಂದ್ರೆ ಮಾತ್ರ."

ಜಾಸ್ತಿ ತಿಂದರೆ ಮಾತ್ರ. ನನ್ನ ಮಾನ ಉಳಿಯುವಷ್ಟನ್ನು ಅಲ್ಲೂ ಉಳಿಸಿಕೊಂಡೆ.

ಬಿಸಿಲು ಇಳಿಯುವ ಮೊದಲು ಗಂಡುಮಗು ಹುಟ್ಟಿತು. ಸೂಲಗಿತ್ತಿ ಬೆನ್ನು ತಟ್ಟುವ ಮೊದಲೇ ಕಿರುಚಿತು. ಬೂಬಮ್ಮ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು, ಕಿವಿಯ ಹಿಂದೆ ನೋಡಿದಳು, ಅಂಗಾಲು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ನೀವು ಅವತ್ತು ತಡೀದೇ ಇದ್ದಿದ್ರೆ ನಾನು ಗಿಡಾನೇ ಬರಿದು ಮಾಡ್ತಿದ್ದೆ ಅಕ್ಕಾ, ನಿಮ್ಮಿಂದ ಉಳೀತು ಇದು ಎಂದಳು. ಅತ್ತೆ ಕಣ್ಣೊರೆಸಿಕೊಂಡರು. ನಾನು ನೀರಿನ ಪಾತ್ರೆಯನ್ನು ತೊಳೆಯುವ ನೆವ ಮಾಡಿ ಹೊರಗೆ ಬಂದು ನಲ್ಲಿಯ ಕೆಳಗೆ ಬಹಳ ಹೊತ್ತು ಅದನ್ನು ಉಜ್ಜಿದೆ.

ಅವಳು ಅಲ್ಲಿಗೆ ಬಿಡಲಿಲ್ಲ. ಸಾಲುಮನೆಯಲ್ಲಿ ಯಾರು ಬಸುರಿಯಾದರೂ ಹೋಗಿ ಎಚ್ಚರಿಸಿದಳು. ದೊರೆಸಾನಿ ಹಣ್ಣನ್ನು ಮುಟ್ಟಬೇಡಿ, ಪಕ್ಕದ ಮನೆಯ ಅಕ್ಕ ಹೇಳಿದ್ದಕ್ಕೆ ನನ್ನ ಮಗು ಉಳೀತು ಎಂದು. ನನಗೆ ಉಷ್ಣ ಯಾವುದು ಶೀತ ಯಾವುದು ಗೊತ್ತು ಎಂದು ಹೆಸರು ಬಂತು. ಹೆಂಗಸರು ಬಂದು ಕೇಳುತ್ತಿದ್ದರು, ಅನಾನಸು ತಿನ್ನಬಹುದೇ, ಎಳ್ಳು ತಿನ್ನಬಹುದೇ ಎಂದು. ನಾನು ಗಂಭೀರವಾಗಿ ಯೋಚಿಸಿ ಉತ್ತರ ಕೊಡುತ್ತಿದ್ದೆ. ಗಿಡ ಮಾತ್ರ ಏನೂ ತಿಳಿಯದ ಹಾಗೆ ಕೊಬ್ಬಿತು. ಹಣ್ಣು ಬಿಟ್ಟ ಕಡ್ಡಿಗಳನ್ನು ಬುಡಕ್ಕೆ ಕತ್ತರಿಸುತ್ತಾ ಬಂದೆ, ಹೊಸ ಕಡ್ಡಿಗಳು ಬರುತ್ತಾ ಹೋದವು. ಇನ್ನೆರಡು ವರ್ಷಕ್ಕೆ ಹಣ್ಣು ಬುಟ್ಟಿಗಟ್ಟಲೆ ಆಯಿತು. ಪ್ರದರ್ಶನ ಮತ್ತೆ ನಡೆಯಲೇ ಇಲ್ಲ, ದೊರೆ ದೊರೆಸಾನಿ ವರ್ಗವಾಗಿ ಹೋಗಿದ್ದರು.

ಆ ವರ್ಷವೇ, ಎಲ್ಲರೂ ಆಸೆ ಬಿಟ್ಟ ಮೇಲೆ, ನಾನು ಬಸುರಿಯಾದೆ.

ನನಗೆ ಮಾವು ಬೇಡವಾಯಿತು, ಹುಣಸೆ ಬೇಡವಾಯಿತು. ಬೇಕಾದದ್ದು ಒಂದೇ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಗಿಡದ ತುಂಬ ಕಪ್ಪು ಹಣ್ಣು. ವಾಸನೆ ಕೂಡ ಇಲ್ಲದ ಹಣ್ಣು ಅದು. ನನಗೆ ಮಾತ್ರ ಮಲಗಿದಲ್ಲಿಗೆ ಅದರ ವಾಸನೆ ಬರುತ್ತಿತ್ತು. ಒಂದು ದಿನ ಕೈ ಹಾಕಿದೆ. ಅತ್ತೆ ಹಿಂದಿನಿಂದ ಬಂದು ಕೈಗೆ ಏಟು ಕೊಟ್ಟರು.

"ಏನೇ, ಬುದ್ಧಿ ಐತಾ ನಿಂಗೆ? ಊರೋರ್ಗೆಲ್ಲ ಏಳೋಳು ನೀನೇಯ. ಆರು ವರ್ಸದ ಮ್ಯಾಲೆ ನಿಂತದೆ, ಬಾಯ್ ಕಟ್ಟು."

ಬೇಲಿಯಾಚೆಯಿಂದ ಬೂಬಮ್ಮ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಓಡಿ ಬಂದಳು. ಬ್ಯಾಡಿ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ನಾನು ಪಟ್ಟದ್ದು ನೀವು ಪಡೋದು ಬ್ಯಾಡಿ ಎಂದಳು. ಅವತ್ತಿನಿಂದ ಇಬ್ಬರೂ ನನ್ನನ್ನು ಕಾಯಲು ಶುರು ಮಾಡಿದರು. ಹಣ್ಣಾದದ್ದನ್ನೆಲ್ಲ ಅತ್ತೆ ಬಿಡಿಸಿ ಮಾಲಿಯ ಮಕ್ಕಳಿಗೆ ಕಳಿಸುತ್ತಿದ್ದರು. ನನ್ನ ಬಾಯಿಯ ಮುಂದೆಯೇ ನನ್ನ ಸುಳ್ಳು ಬೀಗ ಹಾಕಿಕೊಂಡು ಕುಳಿತಿತ್ತು. ತೆಗೆಯುವ ಬೀಗದ ಕೈ ನನ್ನ ಹತ್ತಿರವೇ ಇತ್ತು. ಒಂದು ಮಾತು ಹೇಳಿದರೆ ಸಾಕು. ಆ ಮಾತನ್ನು ಹೇಳುವುದಕ್ಕಿಂತ ಬಯಕೆಯನ್ನು ಸಹಿಸುವುದೇ ಸುಲಭ ಎಂದು ಎಂಟು ಹತ್ತು ದಿನ ಸಹಿಸಿದೆ.

ಒಂದು ಮಧ್ಯಾಹ್ನ ಅತ್ತೆ ಊಟ ಮಾಡಿ ಮಲಗಿದ್ದರು. ಆಚೆ ಮನೆಯ ಬಾಗಿಲು ಮುಚ್ಚಿತ್ತು. ನಾನು ಬರಿಗಾಲಿನಲ್ಲಿ ಹಿತ್ತಲಿಗೆ ಹೋಗಿ, ಡ್ರಮ್ಮಿನ ಮರೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ತಂತಿಗೆ ಕಟ್ಟಿದ ಕಡ್ಡಿಯನ್ನು ಕೆಳಕ್ಕೆ ಎಳೆದು, ಎರಡೂ ಕೈಯಿಂದ ಕಿತ್ತು ಬಾಯಿಗೆ ತುಂಬಿಕೊಂಡೆ. ತೊಳೆ ತೊಳೆಯಾಗಿ ರಸ ಒಡೆಯಿತು. ಮುಳ್ಳು ಮೊಣಕೈ ಗೀರಿದ್ದೂ ತಿಳಿಯಲಿಲ್ಲ. ಹಾಗೆ ತಿಂದದ್ದು ನನ್ನ ಜೀವಮಾನದಲ್ಲಿ ಮತ್ತೊಂದಿಲ್ಲ.

ತಲೆ ಎತ್ತಿದರೆ ಬೂಬಮ್ಮ ಬೇಲಿಯಾಚೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ಮೊದಲು ಅವಳ ಮುಖದಲ್ಲಿ ಗಾಬರಿ ಇತ್ತು, ಅಯ್ಯೋ ಎನ್ನಲು ಬಾಯಿ ತೆರೆದದ್ದೂ ಇತ್ತು. ಆಮೇಲೆ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಒಂದು ಚೂರೂ ಹೆದರಿಕೆ ಇರಲಿಲ್ಲ. ಆರು ವರ್ಷ ಕಾದು ಬಸುರಿಯಾದವಳು, ಹೊಟ್ಟೆಯಲ್ಲಿರುವುದು ಹೋಗುತ್ತದೆ ಎಂದು ನಂಬಿದ್ದರೆ ಹೀಗೆ ಹಿಡಿ ಹಿಡಿ ತಿನ್ನುತ್ತಾಳೆಯೇ? ಅವಳಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ತೆರೆದ ಬಾಯಿ ನಿಧಾನವಾಗಿ ಮುಚ್ಚಿತು.

ಸೊಂಟದ ಮೇಲಿದ್ದ ಮಗು ಹಣ್ಣಿನ ಕಡೆ ಕೈ ಚಾಚಿತು. ತಾಯಿ ಚಾಚಿದ ಹಾಗೆಯೇ, ತಂತಿಯ ಮೇಲಿಂದ, ಅಂಗೈ ಮೇಲೆ ಮಾಡಿ. ನಾನು ಎದ್ದು ಒಂದು ಹಣ್ಣನ್ನು ಅದರ ಕೈಗೆ ಇಟ್ಟೆ. ಅವಳು ಅದನ್ನು ಕಿತ್ತುಕೊಂಡು ಎಸೆಯುತ್ತಾಳೆ ಎಂದುಕೊಂಡೆ. ಎಸೆಯಲಿಲ್ಲ. ಮಗು ಅದನ್ನು ಬಾಯಿಗೆ ಹಾಕಿಕೊಂಡು ಮುಖ ಹುಳ್ಳಗೆ ಮಾಡಿ ಚೀಪುವವರೆಗೂ ನೋಡುತ್ತಾ ನಿಂತಿದ್ದಳು. ಆಮೇಲೆ ಸೆರಗಿನ ತುದಿಯಿಂದ ಅದರ ಗಲ್ಲ ಒರೆಸಿದಳು.

"ನಾಕ್ ತಿಂಗ್ಳು ನಂಗೆ ನಿದ್ದೆ ಬಂದಿಲ್ಲ ಅಕ್ಕಾ," ಎಂದಳು.

ಕೂಗಲಿಲ್ಲ, ಬೈಯಲಿಲ್ಲ, ಅತ್ತೆಯನ್ನು ಕರೆಯಲಿಲ್ಲ. ಅಷ್ಟು ಹೇಳಿ, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಮನೆಯೊಳಗೆ ಹೋದಳು. ತಪ್ಪಾಯಿತು ಎಂದು ನಾನು ಆಗಲೇ ಹೇಳಬೇಕಿತ್ತು, ಅವಳ ಬೆನ್ನು ಬಾಗಿಲಿನಲ್ಲಿ ಕಾಣುತ್ತಿರುವಾಗಲೇ. ಆದರೆ ನನ್ನ ಬಾಯಿ ತುಂಬ ಹಣ್ಣಿತ್ತು.